ಬಂಡೆಗಳ ಊರಲ್ಲಿ ಡಾಲಮೈಟ್ ಮಾರಿದ್ದು

ಜನವರಿ ಹದಿನೆಂಟು. ಬೆಳಗ್ಗೆ ಮಂಜು, ಹತ್ತರ ಮೇಲೆ ಚುರುಕು ಬಿಸಿಲು.

ಎತ್ತ ನೋಡಿದರೂ ಬಂಡೆಯೇ ಕಾಣುವ ಚಿಕ್ಕಬಳ್ಳಾಪುರದಲ್ಲಿ ಕಲ್ಲಿನ ಪುಡಿ ಮಾರಲು ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನ್ನ ಗೊಬ್ಬರದಂಗಡಿಯ ಅರ್ಧ ಜಾಗ ಡಾಲಮೈಟ್ ಮೂಟೆಗಳದ್ದು. ಯುಗಾದಿಯೊಳಗೆ ಅವು ಖಾಲಿಯಾಗದಿದ್ದರೆ ಇನ್ನು ಆ ಮಾಲು ತರಿಸಕೂಡದು ಎಂದು ಹೆಂಡತಿ ಹೇಳಿದ್ದಳು. ತರಿಸಿಯೇ ತರಿಸುತ್ತೇನೆ ಎಂದಿದ್ದೆ.

ಒಂದು: ಬೆಟ್ಟದ ಬುಡದವರು

ಎರಡು ಮುಂಗಾರಿನ ಹಿಂದೆ ಕಳವಾರದ ಕಡೆಯ ದ್ರಾಕ್ಷಿ ತೋಟದ ಯಜಮಾನರೊಬ್ಬರು ಒಂದು ಎಲೆ ತಂದರು. ನರ ಹಸಿರು, ನಡುವೆಲ್ಲ ಹಳದಿ.

"ಮಣ್ಣು ಹುಳಿಯಾಗಿದೆ, ಮೆಗ್ನೀಸಿಯಂ ಸಾಲದು. ಡಾಲಮೈಟ್ ಹಾಕಿ," ಎಂದೆ.

"ಅದೇನಪ್ಪ?"

"ಯಾವ ಕಾಲದಲ್ಲೋ ಸಮುದ್ರದ ತಳದಲ್ಲಿ ಕೂತ ಸುಣ್ಣದ ಕೆಸರು. ನೀರಿನ ಮೆಗ್ನೀಸಿಯಂ ಒಳಸೇರಿ ಕಲ್ಲಾಯ್ತು. ಬಾಗಲಕೋಟೆ ಕಡೆಯಿಂದ ಬರುತ್ತೆ."

"ಸ್ಕಂದಗಿರಿ ಬುಡದಲ್ಲಿರೋನಿಗೆ ಲಾರೀಲಿ ಕಲ್ಲು ತರಿಸಿ ಮಾರ್ತೀಯ?"

"ನಿಮ್ಮ ಬೆಟ್ಟ ಗ್ರಾನೈಟು. ಅರೆದು ಹಾಕಿದ್ರೂ ಬಳ್ಳಿಗೆ ದಕ್ಕಲ್ಲ. ಇದನ್ನ ಒಂದು ಮೂಟೆ ತಗೊಂಡು ಹೋಗಿ. ಹಸಿರಾದ್ರೆ ದುಡ್ಡು ಕೊಡಿ."

"ಹಸಿರಾಗೋದೂ ಇಲ್ಲ, ನಾನು ಕೊಡೋದೂ ಇಲ್ಲ," ಎಂದು ಸಂತೋಷವಾಗಿ ಮೂಟೆ ಹೇರಿಸಿಕೊಂಡು ಹೋದರು.

ಎರಡು: ನಿಂಬೆಹಣ್ಣಿನ ಪರೀಕ್ಷೆ

ಒಳ್ಳೆ ಸುಣ್ಣಕಲ್ಲಾದರೆ ಹುಳಿ ಬಿದ್ದಾಗ ನೊರೆ ಬರುತ್ತದೆ ಎಂದು ಯಾರೋ ಅವರಿಗೆ ಹೇಳಿದರು. ಯಜಮಾನರು ತೋಟದ ಬಾಗಿಲಲ್ಲಿ ಒಂದು ಹಿಡಿ ಪುಡಿ ಸುರಿದು ನಾಲ್ಕು ನಿಂಬೆಹಣ್ಣು ಕೊಯ್ದು ಹಿಂಡಿದರು. ನೊರೆ ಬರಲಿಲ್ಲ. ಹೋಳುಗಳನ್ನು ಅಲ್ಲೇ ಬಿಟ್ಟು ನೇರ ನನ್ನ ಅಂಗಡಿಗೆ ಬಂದರು.

"ಕಲಬೆರಕೆ ಮಾಲು."

"ತಣ್ಣಗಿನ ಹುಳಿಗೆ ಬೇಗ ನೊರೆ ಬರದೇ ಇರೋದೇ ಇದರ ಗುರುತು. ಸುಣ್ಣಕಲ್ಲು ಸಿಡುಕ, ಇದು ಸಾವಧಾನಿ. ಹಾಕಿ ನೋಡಿ."

"ಹಾಕಲ್ಲ."

ಅತ್ತ, ಕೂಲಿಗೆ ಬಂದ ಹೆಂಗಸರು ಬಾಗಿಲಲ್ಲಿ ಬಿಳಿ ಪುಡಿ, ನಿಂಬೆ ಹೋಳು ಕಂಡು, ಯಾರೋ ಮಾಟ ಮಾಡಿಸಿದ್ದಾರೆ ಎಂದು ವಾಪಸಾಗಿದ್ದರು. ವಾರವಿಡೀ ಆ ತೋಟದೊಳಗೆ ಯಾರೂ ಕಾಲಿಡಲಿಲ್ಲ. ದ್ರಾಕ್ಷಿ ಕಳ್ಳರು ಕೂಡ.

ಮೂರು: ಬಾಗಿಲ ಬಳ್ಳಿ

ಇವತ್ತು ನಾನೇ ಅವರ ಮನೆಗೆ ಹೋದೆ. ಅಂಗಳದ ಚಪ್ಪರದಲ್ಲಿದ್ದ ದ್ರಾಕ್ಷಿ ಬಳ್ಳಿ ತೋರಿಸಿದರು. ಎಲೆಯೆಲ್ಲ ಕಡುಹಸಿರು.

"ತೋಟ ಇನ್ನೂ ಹಳದೀನೇ. ಇದೂ ಅದೇ ಮಣ್ಣು, ನೋಡು ಹೆಂಗಿದೆ. ನಿನ್ನ ಪುಡಿ ಒಂದು ಚಿಟಿಕೆ ಸೋಕಿಸಿಲ್ಲ."

ಅವರ ಹೆಂಡತಿ ಕಾಫಿ ತಂದರು. "ಆ ಮೂಟೆ ಮುಗೀತು ಕಣಪ್ಪ, ಇನ್ನೊಂದು ಕಳಿಸು. ಎಳೆ ಎಷ್ಟು ನಯವಾಗಿ ಬರುತ್ತೆ. ವರ್ಷದ ಮೇಲಾಯ್ತು, ದಿನಾ ಅದರಲ್ಲೇ ರಂಗೋಲಿ."

"ಗುಡಿಸಿದ್ದು ಎಲ್ಲಿಗೆ ಹಾಕ್ತೀರಮ್ಮ?"

"ತುಳೀಬಾರದಲ್ಲ, ಬಳ್ಳಿ ಬುಡಕ್ಕೆ."

ಯಜಮಾನರು ಬಳ್ಳಿಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆದರೂ ಬಗ್ಗಲಿಲ್ಲ. "ಹಂಗಾದ್ರೆ ಹಸಿರಾಗಿದ್ದು ರಂಗೋಲಿಯಿಂದ. ತೋಟಕ್ಕೂ ರಂಗೋಲಿ ಪುಡೀನೇ ಕಳಿಸು. ಡಾಲಮೈಟಿಗೆ ಮಾತ್ರ ಕಾಸು ಕೊಡಲ್ಲ."

ಮನೆಗೆ ಬಂದು ಹೆಂಡತಿಗೆ ಇಷ್ಟನ್ನೂ ಹೇಳಿದೆ.

"ಅಂದ್ರೆ ಮೂಟೆ ಅಷ್ಟೂ ಅವರಿಗೇನಾ?"

"ಅಷ್ಟೂ. ಡಾಲಮೈಟ್ ಬೆಲೆಗೇ ಕೊಡ್ತೀನಿ ಅಂದೆ. ಅದರ ಹೆಸರು ಎತ್ತಬೇಡ ಅಂದ್ರು."

"ಮತ್ತೆ ಏನು ಕೊಟ್ರು?"

"ರಂಗೋಲಿ ಪುಡಿ ರೇಟು, ಕೆಜಿ ಲೆಕ್ಕದಲ್ಲಿ. ಒಂದೊಂದು ಮೂಟೆಗೂ ನಾಲ್ಕು ಮೂಟೆ ದುಡ್ಡು."