ಪೀನಾ ಕೊಲಾಡಾ ತಂದ ಬಹುಮಾನ

ಮೊದಲು ಸಿಹಿಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನನ್ನ ಮೊಮ್ಮಗಳು ಅನು ಇಡೀ ಶಾಲೆಯ ಮುಂದೆ ನಿಂತು, ಒಂದು ಹೆಂಡದ ಹೆಸರು ಹೇಳಿ ಮೊದಲನೇ ಬಹುಮಾನ ಗೆದ್ದಿದ್ದಾಳೆ! ಹೌದು, ಹೆಂಡದ್ದೇ. ಪೀನಾ ಕೊಲಾಡಾ. ಮೂರು ವಾರದ ಹಿಂದೆ ಈ ಹೆಸರು ಕೇಳಿ ಕಿವಿ ಮುಚ್ಚಿಕೊಂಡ ನಾನೇ ಈಗ ಇಂಗ್ಲೆಂಡಿನ ಈ ಬೀಸ್ಟನ್ ಊರಿನ ಬಸ್ ಸ್ಟಾಪಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ, ಕನ್ನಡದಲ್ಲೇ. ಅವರೂ ಪಾಪ, "ಲವ್ಲಿ, ಡಕ್" ಅನ್ನುತ್ತಾರೆ. ಇಲ್ಲಿಯವರು ಪ್ರೀತಿ ಬಂದರೆ ಮನುಷ್ಯರನ್ನು ಬಾತುಕೋಳಿ ಮಾಡುತ್ತಾರೆ.

ನಾನು ಐದನೇ ಕ್ಲಾಸಿಗೇ ಶಾಲೆಗೆ ನಮಸ್ಕಾರ ಹೇಳಿದವಳು. ಇಂಗ್ಲಿಷ್ ಅಕ್ಷರ ನನ್ನ ಕಣ್ಣಿಗೆ ಇರುವೆ ಸಾಲು. ಆದರೆ ತಕರಾರು ತೆಗೆಯುವುದಕ್ಕೆ ಓದು ಯಾಕೆ ಬೇಕು? ಅನೂಗೆ ಹತ್ತು ವರ್ಷ. ಮನೆಯಲ್ಲಿ ವಟವಟ, ಶಾಲೆಯಲ್ಲಿ ತುಟಿ ಬಿಚ್ಚುವುದಿಲ್ಲ. ಪ್ರತಿ ರಿಪೋರ್ಟಿನಲ್ಲೂ ಟೀಚರ್ ಅದನ್ನೇ ಬರೆಯುತ್ತಾರೆ. ನನ್ನ ಸೊಸೆ ಶ್ವೇತಾ ದೊಡ್ಡಾಸ್ಪತ್ರೆಯ ಡಾಕ್ಟರಾದರೂ ಅದನ್ನು ಓದಿ ಮಂಕಾಗುತ್ತಾಳೆ. ಈ ಸಲ ಮಕ್ಕಳು ಬೇರೆ ದೇಶದಿಂದ ಇಂಗ್ಲಿಷಿಗೆ ಬಂದ ಒಂದು ಪದ ಆರಿಸಿಕೊಂಡು, ಅದರ ಅರ್ಥ, ಬಳಕೆ ಎರಡನ್ನೂ ಎಲ್ಲರೆದುರು ಹೇಳಬೇಕಿತ್ತು. ಅನು ಪೀನಾ ಕೊಲಾಡಾ ಅನ್ನುವ ಪದ ಆರಿಸಿ, ತಾನಾಗಿಯೇ ಹೆಸರು ಕೊಟ್ಟು ಬಂದಳು. ಶ್ವೇತಾಳ ಕಣ್ಣು ಒದ್ದೆಯಾಯಿತು. ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು.

"ಏನೇ ಅದು, ಕೊಲಾಡಾ ಅಂದರೆ?" ಅಂದೆ.

"ಅದೊಂದು ಕಾಕ್‌ಟೇಲ್ ಅಮ್ಮ," ಅಂದ ಮಗ ಮಧು. "ಅನಾನಸ್ಸು, ತೆಂಗಿನಹಾಲು, ರಮ್ಮು."

"ರಮ್ಮಾ! ಶನಿವಾರ ಶನಿವಾರ ಟಿವಿಡೇಲ್ ದೇವಸ್ಥಾನಕ್ಕೆ ಹೋಗಿ ಬಾಲಾಜಿಗೆ ಕೈಮುಗಿಯೋ ಮನೇಲಿ ರಮ್ಮಾ? ಯೋಗ ಅಂತ ಹೇಳೇ ಮಗು, ಎಷ್ಟು ಚೆನ್ನಾಗಿರತ್ತೆ."

"ತ್ರೀ ಪೀಪಲ್ ಆಲ್ರೆಡಿ ಹ್ಯಾವ್ ಯೋಗ, ಅಜ್ಜಿ."

ನಾನು ಬಿಡಲಿಲ್ಲ. ಕೊನೆಗೆ ಅವಳು, "ಫೈನ್. ಐ ವೋಂಟ್ ಸ್ಪೀಕ್ ದೆನ್," ಅಂದು ದಡದಡ ಮೆಟ್ಟಿಲು ಹತ್ತಿಹೋದಳು. ಶ್ವೇತಾ ನನ್ನತ್ತ ತಿರುಗಿಯೂ ನೋಡದೆ ಅವಳ ಹಿಂದೆಯೇ ಹೋದಳು. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಶನಿವಾರ. ತಲೆಗೆ ನೀರು ಹಾಕಿಕೊಂಡು ದೇವರ ಮುಂದೆ ದೀಪ ಹಚ್ಚುತ್ತಿದ್ದೆ. ಅನು ನನ್ನ ಸ್ನಾನದ ಸೋಪಿನ ಬಾಟಲಿ ಹಿಡಿದು ಬಂದಳು. ಅಂಗಡಿಯಲ್ಲಿ ಅನಾನಸ್ಸಿನ ಚಿತ್ರ ನೋಡಿ ನಾನೇ ಆರಿಸಿದ್ದ ಹಳದಿ ಬಾಟಲಿ. ಇರುವೆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು: "ಪೀ-ನಾ ಕೊ-ಲಾ-ಡಾ." ಆರು ತಿಂಗಳಿಂದ ಅದರಲ್ಲೇ ಮಿಂದು, ಮಡಿ ಮಡಿ ಅಂತ ಎಲ್ಲರನ್ನೂ ದೂರ ಸರಿಸಿ, ಬಾಲಾಜಿಯ ಮುಂದೆ ನಿಂತಿದ್ದೆನಲ್ಲಪ್ಪ! ಮಧು ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕ. ಹೆಂಡವಿಲ್ಲ, ಬರೀ ವಾಸನೆ ಅಂತ ಶ್ವೇತಾ ಸಮಾಧಾನ ಹೇಳಿದಳು. ಇಲ್ಲಿ ಐಸ್ ಕ್ಯಾಂಡಿಗೂ ಮೇಣದಬತ್ತಿಗೂ ಅದೇ ಹೆಸರಂತೆ. ಬಳಕೆ ಅಂದರೆ ಅದೇ ಅಂತೆ.

"ಸರಿ ಮಾರಾಯ್ತಿ, ಸೋತೆ. ಅರ್ಥವಾದರೂ ಏನು?"

"ಇಟ್ಸ್ ಸ್ಪ್ಯಾನಿಷ್. ಸ್ಟ್ರೈನ್ಡ್ ಪೈನಾಪಲ್."

"ಸೋಸಿದ ಅನಾನಸ್," ಅಂದ ಮಧು.

ಸೋಸುವುದಾ! ನನಗೆ ಬರುವ ವಿದ್ಯೆ ಅದೊಂದೇ. ಪ್ಯಾಕೆಟ್ ಜ್ಯೂಸು ಕುಡಿದು ಬೆಳೆದ ಹುಡುಗಿಗೆ ಸೋಸುವುದು ಅಂದರೇನೆಂದೇ ಗೊತ್ತಿರಲಿಲ್ಲ. ನಮ್ಮವರ ಹಳೇ ಪಂಚೆ ಹರಿದು, ಒಗೆದು ಇಟ್ಟುಕೊಂಡಿದ್ದ ಬಟ್ಟೆ ತಂದೆ. ಅನಾನಸ್ಸು ರುಬ್ಬಿ, ಗಂಟು ಕಟ್ಟಿ, ಹಿಂಡಿ ತೋರಿಸಿದೆ. ನಾರೆಲ್ಲ ಬಟ್ಟೆಯಲ್ಲಿ, ರಸವೆಲ್ಲ ಪಾತ್ರೆಯಲ್ಲಿ. "ಅಗೇನ್, ಅಜ್ಜಿ!" ಅಂದಳು. ಮೂರು ವಾರ ದಿನಾ ಸಂಜೆ ನಾನು ಹಿಂಡುವುದು, ಅವಳು ಮಾತಾಡುವುದು.

ಮೊನ್ನೆ ಶಾಲೆಯ ಸಭಾಂಗಣದಲ್ಲಿ ಅವಳ ಸರದಿ ಬಂತು. ಎದ್ದು ನಿಂತಳು. ಬಾಯಿ ತೆರೆದಳು. ಮಾತಿಲ್ಲ. ಶ್ವೇತಾ ನನ್ನ ಕೈ ಅದುಮಿದಳು. ಅನೂನ ಕಣ್ಣು ನನ್ನನ್ನು ಹುಡುಕುತ್ತಿತ್ತು. ಕೈ ಬಿಡಿಸಿಕೊಂಡು ಎದ್ದು ನಿಂತೆ, ಎರಡೂ ಕೈ ಎತ್ತಿ ಗಾಳಿಯಲ್ಲೇ ಜೋರಾಗಿ ಹಿಂಡಿದೆ. ಪಕ್ಕದವರು ಬೆಚ್ಚಿಬಿದ್ದು ಸರಿದು ಕೂತರು. ಅನು ಕಿಸಕ್ಕನೆ ನಕ್ಕಳು, ಚೀಲದಿಂದ ತಾತನ ಪಂಚೆ ತುಂಡು ತೆಗೆದು ಎತ್ತಿ ಹಿಡಿದಳು, ಆಮೇಲೆ ಅವಳ ಮಾತು ಕೊನೆಯವರೆಗೂ ನಿಲ್ಲಲೇ ಇಲ್ಲ. ಸೋಪಿನ ಕಥೆಯನ್ನೂ ಹೇಳಿಬಿಟ್ಟಳು ಕಳ್ಳಿ! ಅತ್ಯಂತ ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಹೆಡ್‌ಮೇಡಂ ಬಂದು ನನ್ನ ಕೈ ಕುಲುಕಿದರು.

ಅವತ್ತು ರಾತ್ರಿ ಊಟಕ್ಕೆ ಅನಾನಸ್ ಗೊಜ್ಜು. ಅನಾನಸ್ಸಿಗೂ ತೆಂಗಿನಕಾಯಿಗೂ ನಮ್ಮಲ್ಲಿ ಎಂದೋ ಸಂಬಂಧ ಕುದುರಿದೆಯಲ್ಲ. ಶ್ವೇತಾ ಆಸ್ಪತ್ರೆಯ ಪಾಳಿ ಬದಲಾಯಿಸಿಕೊಂಡಿದ್ದಳು, ನಾಲ್ಕೂ ಜನ ಒಟ್ಟಿಗೇ ಕೂತೆವು. ಸರ್ಟಿಫಿಕೇಟು ಉಪ್ಪಿನಕಾಯಿ ಜಾಡಿಗೆ ಒರಗಿ ನಿಂತಿತ್ತು.

"ಅಮ್ಮ, ನಿಮ್ಮ ಬಾಟಲಿ ಮುಗೀತಾ ಬಂತು," ಅಂದ ಮಧು, ಮುಖ ಗಂಭೀರ ಮಾಡಿಕೊಂಡು. "ಬೇರೆ ಸೋಪು ತರಲಾ?"

"ಬೇರೆ ಯಾಕೋ? ಅದನ್ನೇ ಎರಡು ತಾ," ಅಂದೆ, ಅನೂನ ತಟ್ಟೆಗೆ ಇನ್ನೊಂದು ಸೌಟು ಗೊಜ್ಜು ಬಡಿಸುತ್ತಾ. "ಆರು ತಿಂಗಳಾಯ್ತು, ಬಾಲಾಜಿಗೂ ಆ ವಾಸನೆ ಒಗ್ಗಿಹೋಗಿದೆ."