ಕಾಕಾ ಮತ್ತು ಏಳನೇ ನಂಬರಿನ ಜಗಳ

ನಮ್ಮ ಕಾಕಾನಷ್ಟು ಸಂಭಾವಿತರು ಇಡೀ ಬೆಟಗೇರಿಯಲ್ಲಿ ಇಲ್ಲ ಎಂದು ಓಣಿಯವರು ಹೇಳುತ್ತಾರೆ. ಹೇಳಲಿ! ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲವಲ್ಲ!

ಮುಂಡರಗಿಯಲ್ಲಿ ಜೀವಮಾನವೆಲ್ಲ ರೇಡಿಯೋ ರಿಪೇರಿ ಮಾಡಿದವರು. ಓಣಿಗೆಲ್ಲ ಕೇಳುವಂತೆ ಅವರನ್ನು ಬೈಯುತ್ತಿದ್ದ ಕಾಕಿ ತೀರಿಕೊಂಡ ಮೇಲೆ ನಾನೇ ಮನೆಗೆ ಕರೆತಂದೆ. ಆಗ ಗದಗ ಹೊಸದಾಗಿ ಜಿಲ್ಲೆಯಾಗಿತ್ತು. ಬಿಲ್ಲು, ಲಗ್ನಪತ್ರಿಕೆಗಳಲ್ಲಿ 'ಜಿ. ಧಾರವಾಡ' ತೆಗೆದು 'ಜಿ. ಗದಗ' ಹಾಕಿಸಲು ಜನ, ಮನೆಯಲ್ಲೇ ಕಂಪ್ಯೂಟರಿನಲ್ಲಿ ಅಚ್ಚುಹಾಕಿ ಕೊಡುತ್ತಿದ್ದ ನನ್ನ ಬಾಗಿಲಿಗೆ ಮುಗಿಬಿದ್ದಿದ್ದರು. ನನ್ನ ಪ್ರಿಂಟರೇ ನಮ್ಮಿಬ್ಬರ ಅನ್ನ.

ಕಾಕಾ ಸುಮ್ಮನಿದ್ದರೇ? ಹುಬ್ಬಳ್ಳಿಯಿಂದ ಹಳೆಯದೊಂದು ಸೌಂಡ್ ಕಾರ್ಡ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದರು. "ಮನ್ಯಾಗ ಏನರ ಸಪ್ಪಳ ಇರಬೇಕವಾ," ಎಂದರು. ಸಪ್ಪಳ ಬಂತು, ಪ್ರಿಂಟರ್ ಸತ್ತಿತು! ಪರದೆಯ ಮೇಲೊಂದು ಹಳದಿ ಆಶ್ಚರ್ಯಸೂಚಕ ಚಿಹ್ನೆ. ಆಶ್ಚರ್ಯವಂತೆ! ನನಗೆ ಬಂದದ್ದು ಸಿಟ್ಟು. ಕಂಪ್ಯೂಟರನ್ನು ಕರೆಯಲು ಅದಕ್ಕೆ ಜೋಡಿಸಿದ ಒಂದೊಂದು ಸಾಧನಕ್ಕೂ ಒಂದೊಂದು ನಂಬರು. ಪ್ರಿಂಟರಿನದು ಏಳು. ಈ ದರಿದ್ರ ಕಾರ್ಡಿಗೂ ಏಳೇ ಬೇಕಂತೆ!

ಕಾರ್ಡಿನ ಮೇಲೆ ನಂಬರು ಗೊತ್ತುಮಾಡುವ ಪುಟ್ಟ ಕಪ್ಪು ಪ್ಲಾಸ್ಟಿಕ್ ಟೊಪ್ಪಿಗೆಯನ್ನು ಕಿತ್ತು ಐದನೇ ನಂಬರಿಗೆ ಹಾಕಿದೆ. ಜಗಳ ಹರಿಯಿತು. ಮರುದಿನ ನೋಡಿದರೆ ಟೊಪ್ಪಿಗೆ ಮತ್ತೆ ಏಳರ ಮೇಲೆ!

"ಕಾಕಾ! ಇದನ್ನ ಯಾರು ಸರಿಸಿದ್ರು?"

"ತಾನ ಸರದಿರಬೇಕವಾ."

"ಅದಕ್ಕೇನ್ ಕಾಲ ಅದಾವೇನ್ರಿ? ಖರೆ ಹೇಳ್ರಿ!"

ಬಾಯಿ ನೋಯುವಷ್ಟು ಬೈದೆ. ಅವರು ಗಲ್ಲಕ್ಕೆ ಕೈಕೊಟ್ಟು, ರೇಡಿಯೋ ಕೇಳುವವರಂತೆ ಕೇಳಿದರು. ಸಿಟ್ಟು ನೆತ್ತಿಗೇರಿತು. ಕಾರ್ಡನ್ನೇ ಕಿತ್ತು ಅಟ್ಟಕ್ಕೆ ಹಾಕಿದೆ. ಎಪ್ಪತ್ತರ ಮುದುಕರು ನಿಚ್ಚಣಿಕೆ ಹತ್ತಿ ಇಳಿಸಿ ಮತ್ತೆ ಕಂಪ್ಯೂಟರಿಗೆ ಸಿಕ್ಕಿಸಿದರು! ಉಂಡ ಮನೆಯ ಗಳ ಹಿರಿಯುವುದು ಅಂದರೆ ಇದೇ ಅಲ್ಲವೇ?

ಒಂದು ದಿನ ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಯೊಬ್ಬರು ಮಗಳ ಲಗ್ನಪತ್ರಿಕೆಗೆ ಬಂದು ಕೂತರು. ಪ್ರಿಂಟ್ ಕೊಟ್ಟೆ. ಪ್ರಿಂಟರ್ ಮಿಸುಕಲಿಲ್ಲ. ಮತ್ತದೇ ಏಳು!

"ಬಸ್ ಹೊಂಟೈತ್ರಿ. ಬ್ಯಾರೆ ಕಡೆ ಮಾಡಿಸ್ಕೋತೀವಿ ಬಿಡ್ರಿ," ಎಂದು ಅವರು ಎದ್ದು ಹೋದರು.

ಅವತ್ತು ನಾನು ಬೈಯಲಿಲ್ಲ. ಬೈಯುವಷ್ಟು ಸಣ್ಣ ಸಿಟ್ಟಾಗಿರಲಿಲ್ಲ ಅದು. ಟೊಪ್ಪಿಗೆ ಸರಿಸಿ, ರೊಟ್ಟಿ ಬಡಿದು, "ಊಟಕ್ಕ ಬರ್ರಿ ಕಾಕಾ," ಎಂದು ಮೆತ್ತಗೆ ಕರೆದೆ. ಅವರು ಕಂಬಕ್ಕೆ ಒರಗಿದವರು ಏಳಲಿಲ್ಲ.

"ಯಾಕವಾ, ಇವತ್ತ ಬೈಯೂದಿಲ್ಲೇನು?"

"ಬೈದ್ರ ಏನ್ ಬಂತ್ರಿ?"

"ಹಂಗನಬ್ಯಾಡ. ಟೊಪ್ಪಿಗಿ ನಾನ ಸರಸ್ತಿದ್ದೆ. ನಿಮ್ಮ ಕಾಕಿ ಹೋದಮ್ಯಾಲೆ ಎಲ್ಲಾರೂ ನನ್ನ ಕೂಡ ಮೆತ್ತಗ ಮಾತಾಡ್ತಾರ ನೋಡು. ನೀ ಬೈದ್ರ, ಆಕಿ ಅಡಗಿ ಮನ್ಯಾಗ ಅದಾಳ ಅನಸ್ತೈತಿ."

ಓಣಿಗೆಲ್ಲ ಕೇಳುವಂತೆ ಕಿರುಚಿದೆ: "ಕುಂಡ್ರಿ ಹಂಗ! ರೊಟ್ಟಿ ಆರಿ ಕಲ್ಲಾಗಲಿ! ಮುಂಜಾನಿಂದ ಹೊಟ್ಟಿಗೆ ಏನರ ಹಾಕ್ಕೊಂಡೀರೇನು? ಏಳ್ರಿ ಜಲ್ದಿ!"

ಕಾಕಾ ಎದ್ದು ಬಂದರು. ತಾಟಿನ ಮುಂದೆ ಕೂತು ಒಂದು ತುತ್ತು ಬಾಯಿಗಿಟ್ಟು, "ಪಲ್ಯಾಕ ಉಪ್ಪು ಕಡಿಮಿ ಆಗೇತಿ," ಎಂದರು.

ಉಪ್ಪು ಸರಿಯಾಗಿಯೇ ಇತ್ತು. ಆದರೂ ಬೈದೆ.