ಕುಬೇರಪ್ಪನ ಮೂರನೆಯ ಕಾರ್ಡು

ಕುಬೇರಪ್ಪನಿಗೆ ಜೀವನದಲ್ಲಿ ಒಂದೇ ಕೊರತೆ. ಹೇಳಿಕೊಳ್ಳುವಂಥ ದುಃಖವಿರಲಿಲ್ಲ. ಗುಡಗೇರಿ ಸ್ಟೇಷನ್ನಿನಲ್ಲಿ ತಿಕೀಟು ಕೊಡುವ ಕಾಯಂ ನೌಕರಿ, ಹೊಟ್ಟೆತುಂಬ ರೊಟ್ಟಿ, ಬಾಯಿತುಂಬ ಬೈಯುವ ಹೆಂಡತಿ ಗುರವ್ವ. ಇಷ್ಟೆಲ್ಲ ಇಟ್ಟುಕೊಂಡು ಬ್ಲೂಸ್ ಎಂಬ ದುಃಖದ ಹಾಡು ಬಾರಿಸುವುದಾದರೂ ಹೇಗೆ?

ಈ ಮಹಾವಿದ್ಯೆಯನ್ನು ಅವನ ತಲೆಗೆ ತುಂಬಿದವರು ಹುಬ್ಬಳ್ಳಿಯ ಗಾರ್ಡ್ ಕಾಸೀಮಸಾಬರು. ಗೂಡ್ಸ್ ಗಾಡಿ ಕ್ರಾಸಿಂಗಿಗೆ ನಿಂತಾಗಲೆಲ್ಲ ಪಾಠ ಹೇಳಿ, ಕೊನೆಗೆ ತಮ್ಮ ಹಳೆಯ ಗಿಟಾರನ್ನೂ ಅವನ ಹತ್ತಿರವೇ ಬಿಟ್ಟಿದ್ದರು. (ಅಂದಿನಿಂದ ಕಾಸೀಮಸಾಬರ ಮನೆಯಲ್ಲಿ ಎಷ್ಟು ಶಾಂತಿ ನೆಲೆಸಿತೋ ದೇವರೇ ಬಲ್ಲ.)

"ಇದು ಅಮೆರಿಕಾದ ಹತ್ತಿ ಹೊಲದಾಗ ದುಡದ ಕರಿ ಮಂದಿ ಹಾಡ್ರಿ, ಕುಬೇರಪ್ಪ. ದುಃಖ ಒಮ್ಮೆ ಹೇಳೂದು, ಅದನ್ನ ತಿರುಗಿ ಹೇಳೂದು, ಮೂರನೇ ಸಾಲಿಗೆ ಜವಾಬು ಕೊಡೂದು. ಮೂರು ಕಾರ್ಡು, ಅಂದ್ರ ತಂತಿ ಒತ್ತಿ ಹಿಡಿಯೂ ಮೂರು ಪಟ್ಟು, ಬಂದ್ರ ಸಾಕು. ಇ, ಎ, ಬಿ ಸೆವೆನ್."

ಇ ಬಂತು. ಎ ಕೂಡ ಹೆಣಗಾಡಿ ಬಂತು. ಬಿ ಸೆವೆನ್ ಮಾತ್ರ ಜಪ್ಪಯ್ಯ ಎಂದರೂ ಬರಲೊಲ್ಲದು. ಮೂರನೆಯ ಸಾಲು ಬಂತೆಂದರೆ ಬೆರಳುಗಳು ಸಂತೆ ದಿನದ ಪ್ಯಾಸೆಂಜರುಗಳಂತೆ ಜಾಗಕ್ಕಾಗಿ ಕಾದಾಡುತ್ತಿದ್ದವು. ಅವು ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಹಾಡು ಮುಂದಿನ ಸ್ಟೇಷನ್ ದಾಟಿರುತ್ತಿತ್ತು.

"ರೀ, ಹತ್ತಿ ನಮ್ಮ ಹೊಲದಾಗೂ ಬೆಳೀತೈತಿ," ಎಂದಳು ಗುರವ್ವ. "ನಾವೇನು ಹಿಂಗ ಒದರಿದ್ವೇನು?"

"ನಿನಗ ಸಂಗೀತ ತಿಳಿಯೂದಿಲ್ಲ ಬಿಡ."

"ಹಂಗಾದ್ರ ತಿಳಿಯೋ ಹಂಗ ಬಾರಸ್ರಿ. ನಿಮ್ಮ ತಂಗಿ ಲಗ್ನ ಬರೂದರೊಳಗ ಒಂದು ಹಾಡು ಪೂರಾ ಆಗಬೇಕು. ಇಲ್ಲಂದ್ರ ಬೀಗರು ಬರೂಕಿಂತ ಮೊದಲ ಈ ಡಬ್ಬಿ ಕಾಸೀಮಸಾಬ್ರ ಗಾಡಿ ಹತ್ತತೈತಿ."

ಕುಬೇರಪ್ಪನಿಗೆ ಅನ್ನ ಸೇರದಾಯಿತು. ಕೊನೆಗೂ ಒಂದು ದುಃಖ ಸಿಕ್ಕಿತ್ತು, ಆದರೆ ಬಿ ಸೆವೆನ್ ಸಿಕ್ಕಿರಲಿಲ್ಲ.

ಮದುವೆಗೆ ಮುಂಚೆ ಬೀಸುವ ಶಾಸ್ತ್ರ ಬಂತು. ಊರಲ್ಲಿ ಗಿರಣಿ ಇದ್ದರೂ ಮದುವೆಯ ಮೊದಲ ಹಿಟ್ಟು ಮನೆಯ ಬೀಸುಕಲ್ಲಿನಲ್ಲೇ ಬೀಳಬೇಕು. ಓಣಿಯ ಹೆಂಗಸರು ಪಡಸಾಲೆಯಲ್ಲಿ ಸೇರಿದರು. ಗುರವ್ವ ಕಲ್ಲಿನ ಗೂಟ ಹಿಡಿದು ಹಾಡಿಗೆ ಶುರುವಿಟ್ಟಳು. ಒಂದು ಸಾಲು ಅವಳು ಹೇಳಿದಳು, ಅದನ್ನೇ ಉಳಿದವರು ತಿರುಗಿ ಹೇಳಿದರು, ಆಮೇಲೆ ಅವಳು ಜವಾಬು ಕೊಟ್ಟು ಮುಗಿಸಿದಳು.

ಒಳಗೆ ಅಡಗಿ ಕೂತಿದ್ದ ಕುಬೇರಪ್ಪನ ಕಿವಿಗಳು ನೆಟ್ಟಗಾದವು. ಇದು ಕಾಸೀಮಸಾಬರ ಲೆಕ್ಕವೇ! ಗಿಟಾರ್ ತಂದು ಮೂಲೆಯಲ್ಲಿ ಕೂತ. ಕಲ್ಲು ಗರಗರ ತಿರುಗಿದಂತೆ ಇ ನುಡಿಯಿತು, ಎ ನುಡಿಯಿತು. ಮೂರನೆಯ ಸಾಲಿಗೆ ಮುಂಚೆ ಗುರವ್ವ ಕಲ್ಲಿನ ಬಾಯಿಗೆ ಒಂದು ಹಿಡಿ ಗೋಧಿ ಸುರಿಯಲು ಕೊಂಚ ತಡೆದಳು. ಆ ಒಂದು ಹಿಡಿಯಷ್ಟು ಹೊತ್ತೇ ಅವನ ಬೆರಳುಗಳಿಗೆ ಬೇಕಾಗಿದ್ದದ್ದು. ಬಿ ಸೆವೆನ್ ಠೀವಿಯಿಂದ ಬಂದು ಕೂತಿತು.

ಹಾಡು ಮುಗಿದಾಗ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಕುಬೇರಪ್ಪನ ಎದೆ ಉಬ್ಬಿತು.

"ನೋಡಿದ್ಯಾ ಗುರವ್ವಾ, ಎಲ್ಲಾರ ಕಣ್ಣಾಗೂ ನೀರು ತರಿಸಿದೆ."

"ಅವು ನಕ್ಕು ನಕ್ಕು ಬಂದ ನೀರೋ ತಮ್ಮಾ," ಎಂದಳು ಬಾಜು ಮನೆಯ ಮುದುಕಿ ಮಲ್ಲಕ್ಕ. "ಹಾಡು ನೀ ಕೇಳಲಿಲ್ಲೇನು?"

ಕೇಳಿರಲಿಲ್ಲ. ಲೆಕ್ಕ ತಪ್ಪಬಾರದೆಂದು ಅವನು ಬೆರಳುಗಳನ್ನಷ್ಟೇ ನೋಡುತ್ತಿದ್ದ. ಗುರವ್ವ ಅವನಿಗಾಗಿ ಇನ್ನೊಮ್ಮೆ ಹಾಡಿದಳು:

ಹಾಲ ಕಾಯಲಿಕಿಟ್ಟು ತಂತಿ ಬಾರಿಸುತಾನ
ಹಾಲುಕ್ಕಿ ಒಲಿಯ ಸೇರ್‍ಯಾವ, ನನ ರಾಯ
ತಾಳ ತಪ್ಪಿತಂತ ಅಳತಾನ

ಪಡಸಾಲೆ ಮತ್ತೆ ಬಿದ್ದು ಬಿದ್ದು ನಕ್ಕಿತು. ಕುಬೇರಪ್ಪ ಗಿಟಾರಿನ ಹಿಂದೆ ಮುಖ ಮುಚ್ಚಿಕೊಂಡ. ಗುರವ್ವ ಹಿಟ್ಟು ಮೆತ್ತಿದ ಕೈಯಿಂದ ಅದನ್ನು ಮೆಲ್ಲಗೆ ಸರಿಸಿದಳು.

"ಇದು ಮನ್ಯಾಗ ಇರಲಿ ಬಿಡ್ರಿ. ಇಷ್ಟು ವರ್ಷ ನನ್ನ ಹಾಡಿಗೆ ಜೊತಿ ಕೊಟ್ಟವರು ಯಾರೂ ಇದ್ದಿಲ್ಲ."

ಕುಬೇರಪ್ಪನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಮಲ್ಲಕ್ಕ ಎದ್ದು ನಿಂತಳು.

"ಮುಂದಿನ ವಾರ ನಮ್ಮನ್ಯಾಗೂ ಬೀಸೂದೈತಿ. ನಿನ್ನ ಗಂಡನ್ನ ಕರಕೊಂಡು ಬಾರವಾ."

"ತಪ್ಪದ ಬರ್ತಾರ್ರಿ," ಎಂದಳು ಗುರವ್ವ. "ಇವರ ಮ್ಯಾಲ ಇನ್ನೂ ಭಾಳ ಹಾಡು ಅದಾವ."